ಮನೆಗೆ ಹ್ಯೂಮಿಡಿಫೈಯರ್ ಕೊಳ್ಳುವ ಮುನ್ನ



ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮಾತ್ರೆ, ಪಥ್ಯ, ಮುಂದಿನ ಭೇಟಿಯ ದಿನ ಎಲ್ಲವನ್ನೂ ತಿಳಿಸಿ ಮುಗಿಸಿದ ಮೇಲೆ ಅನೇಕರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ ಕೇಳುತ್ತಾರೆ: “ಸಿಸ್ಟರ್, ಈ ಹೊಗಿ ಬಿಡೋ ಮಿಷನ್ ಮನಿಗೆ ತಗೊಂಡ್ರ ಚಲೋ ಏನ್ರಿ?” ಮಗುವಿಗೆ ಮೂಗಿನಿಂದ ರಕ್ತ ಬರುತ್ತಿರುತ್ತದೆ, ಅಥವಾ ಹಿರಿಯರಿಗೆ ರಾತ್ರಿಯೆಲ್ಲ ಒಣ ಕೆಮ್ಮು ಇರುತ್ತದೆ, ಅಥವಾ ಮನೆಯಲ್ಲಿ ಆಮ್ಲಜನಕದ ಮೇಲೆ ಇರುವವರು ಇರುತ್ತಾರೆ. ಸಾಲ ಮಾಡಿಯಾದರೂ ತರೋಣ ಎಂಬ ಕಾಳಜಿ ಆ ಪ್ರಶ್ನೆಯಲ್ಲಿ ಇರುತ್ತದೆ. ಅದಕ್ಕೆ ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನಲು ಆಗುವುದಿಲ್ಲ. ಆದ್ದರಿಂದ ಈ ಲೇಖನ.

ಅದು ಹೊಗೆಯಲ್ಲ, ನೀರಿನ ಅತಿ ಸಣ್ಣ ಹನಿ. ಕೋಣೆಯ ಒಣ ಗಾಳಿಗೆ ತೇವ ಕೊಡುವ ಯಂತ್ರಕ್ಕೆ ಹ್ಯೂಮಿಡಿಫೈಯರ್ ಎನ್ನುತ್ತಾರೆ. ಒಳ್ಳೆಯ ಹ್ಯೂಮಿಡಿಫೈಯರ್ ಯಾವುದು ಎಂದರೆ, ನಿಮ್ಮ ಮನೆಯಲ್ಲಿ ಯಾರಾದರೂ ಒಬ್ಬರು ದಿನಾಲೂ ತೊಳೆದು ಇಡಬಲ್ಲಂಥದ್ದು. ತೊಳೆಯಲು ಆಗದಿದ್ದರೆ ಎಷ್ಟೇ ಬೆಲೆಯದಾದರೂ ಅದು ರೋಗಿಗೆ ಹಾನಿ ಮಾಡಬಹುದು. ಈ ಲೇಖನದಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಅಂಗಡಿಯಲ್ಲಿ “ಮಿಷನ್ ಕೊಡಿ” ಎಂದರೆ ಒಂದರ ಬದಲು ಇನ್ನೊಂದು ಕೈಗೆ ಬರುತ್ತದೆ. ಈ ನಾಲ್ಕೂ ಬೇರೆ ಬೇರೆ ಸಾಧನಗಳು:

1. ಹಬೆ ಯಂತ್ರ: ನೀರನ್ನು ಕುದಿಸಿ ಬಿಸಿ ಹಬೆ ಕೊಡುತ್ತದೆ. ಮುಖವನ್ನು ಹತ್ತಿರ ಹಿಡಿದು ಕೆಲವು ನಿಮಿಷ ತೆಗೆದುಕೊಳ್ಳುವಂಥದ್ದು.

2. ನೆಬ್ಯುಲೈಸರ್: ಔಷಧಿಯನ್ನು ಸಣ್ಣ ಹನಿಗಳಾಗಿ ಮಾಡಿ ಮಾಸ್ಕಿನ ಮೂಲಕ ಶ್ವಾಸಕೋಶಕ್ಕೆ ತಲುಪಿಸುತ್ತದೆ. ಇದು ಚಿಕಿತ್ಸೆ. ವೈದ್ಯರು ಬರೆದುಕೊಟ್ಟ ಔಷಧಿಯನ್ನು ಮಾತ್ರ ಇದಕ್ಕೆ ಹಾಕಬೇಕು. ಬರೀ ನಲ್ಲಿ ನೀರನ್ನು ಎಂದೂ ಹಾಕಬಾರದು.

3. ಆಮ್ಲಜನಕದ ನೀರಿನ ಬಾಟಲಿ: ಸಿಲಿಂಡರ್ ಅಥವಾ ಕಾನ್ಸಂಟ್ರೇಟರಿಗೆ ಜೋಡಿಸುವ, ಗುಳುಗುಳು ಎನ್ನುವ ಚಿಕ್ಕ ಬಾಟಲಿ. ಇದನ್ನೂ ಹ್ಯೂಮಿಡಿಫೈಯರ್ ಎಂದೇ ಕರೆಯುತ್ತಾರೆ.

4. ಕೋಣೆಯ ಹ್ಯೂಮಿಡಿಫೈಯರ್: ಇಡೀ ಕೋಣೆಯ ಗಾಳಿಗೆ ತೇವ ಸೇರಿಸುವ ಯಂತ್ರ. ಈ ಲೇಖನ ಮುಖ್ಯವಾಗಿ ಇದರ ಬಗ್ಗೆ.

ನೆಬ್ಯುಲೈಸರ್ ಬರೆದುಕೊಟ್ಟವರು ಅದರ ಬದಲು ಕೋಣೆಯ ಹ್ಯೂಮಿಡಿಫೈಯರ್ ಕೊಂಡರೆ ಔಷಧಿ ಶ್ವಾಸಕೋಶಕ್ಕೆ ಹೋಗುವುದೇ ಇಲ್ಲ. ಕೊಳ್ಳುವ ಮೊದಲು ಚೀಟಿಯನ್ನು ವಾರ್ಡಿನ ಸಿಸ್ಟರ್‌ಗೆ ಇನ್ನೊಮ್ಮೆ ತೋರಿಸಿ.

ಒಣ ಗಾಳಿಯಿಂದ ಏನಾಗುತ್ತದೆ?

ನಮ್ಮ ಮೂಗೇ ದೇವರು ಕೊಟ್ಟ ಹ್ಯೂಮಿಡಿಫೈಯರ್. ನಾವು ಎಳೆದುಕೊಂಡ ಗಾಳಿ ಶ್ವಾಸಕೋಶದ ಆಳಕ್ಕೆ ಮುಟ್ಟುವಷ್ಟರಲ್ಲಿ ಮೂಗು ಮತ್ತು ಶ್ವಾಸನಾಳ ಅದನ್ನು ದೇಹದ ಬಿಸಿಗೆ, ಅಂದರೆ ಸುಮಾರು 37 ಡಿಗ್ರಿಗೆ ತಂದು, ಪೂರ್ತಿ ತೇವಗೊಳಿಸಿರುತ್ತವೆ. ಮೂಗಿನೊಳಗಿನ ತೆಳು ಲೋಳೆಯು ಧೂಳು ಮತ್ತು ಕ್ರಿಮಿಗಳನ್ನು ಹಿಡಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಆ ಲೋಳೆಯನ್ನು ಹೊರಕ್ಕೆ ತಳ್ಳುತ್ತವೆ. ಗಾಳಿ ಬಹಳ ಒಣಗಿದ್ದರೆ ಲೋಳೆ ಗಟ್ಟಿಯಾಗಿ ಹಕ್ಕಳೆ ಕಟ್ಟುತ್ತದೆ, ಮೂಗಿನ ಒಳಚರ್ಮ ಬಿರಿಯುತ್ತದೆ. ಮಕ್ಕಳು ಅಲ್ಲಿ ಬೆರಳಾಡಿಸಿದಾಗ ರಕ್ತ ಬರುತ್ತದೆ. ಗಂಟಲು ಕೆರೆತ, ಒಣ ಕೆಮ್ಮು, ತುಟಿ ಒಡೆಯುವುದು, ಚರ್ಮದ ತುರಿಕೆ, ಕಣ್ಣು ಉರಿ ಇವೂ ಒಣ ಗಾಳಿಯಲ್ಲಿ ಹೆಚ್ಚುತ್ತವೆ.

ಗಾಳಿಯಲ್ಲಿ ತೇವ ಹೆಚ್ಚಾದರೂ ತೊಂದರೆಯೇ. ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹಾಸಿಗೆ ದಿಂಬುಗಳಲ್ಲಿ ಬದುಕುವ, ಕಣ್ಣಿಗೆ ಕಾಣದ ಧೂಳಿನ ನುಸಿಗಳು ಹೆಚ್ಚುತ್ತವೆ. ಇವೆರಡೂ ಆಸ್ತಮಾ ಮತ್ತು ಅಲರ್ಜಿ ಇರುವವರಿಗೆ ಶತ್ರುಗಳು. ಆದ್ದರಿಂದ ಕೋಣೆಯ ತೇವಾಂಶ ಶೇಕಡಾ 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಶೇಕಡಾ 60 ದಾಟಬಾರದು.

ನಿಮ್ಮ ಮನೆಗೆ ನಿಜವಾಗಿ ಬೇಕೇ?

ಈ ಯಂತ್ರದ ಬಗೆಗಿನ ಜಾಹೀರಾತುಗಳು ಹೆಚ್ಚಾಗಿ ಚಳಿ ದೇಶಗಳ ಮಾತನ್ನೇ ಹೇಳುತ್ತವೆ. ಅಲ್ಲಿ ಚಳಿಗಾಲದಲ್ಲಿ ಕಿಟಕಿ ಮುಚ್ಚಿ, ಮನೆಯೊಳಗೆ ಹೀಟರ್ ಹಾಕಿ ಇರುತ್ತಾರೆ, ಅದರಿಂದ ಗಾಳಿ ಒಣಗುತ್ತದೆ. ನಮ್ಮ ಮನೆಗಳಲ್ಲಿ ಹೀಟರ್ ಇಲ್ಲ. ನಮ್ಮಲ್ಲಿ ಊರು ಮತ್ತು ತಿಂಗಳು ನೋಡಿ ತೀರ್ಮಾನಿಸಬೇಕು.

ಕಲಬುರಗಿ, ಬೀದರ, ವಿಜಯಪುರ, ರಾಯಚೂರು, ಬಾಗಲಕೋಟೆಯ ಕಡೆ ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ಗಾಳಿಯ ತೇವ ಶೇಕಡಾ 30ಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಚಳಿಗಾಲದ ಒಣಹವೆಯಲ್ಲೂ ತುಟಿ, ಹಿಮ್ಮಡಿ ಒಡೆಯುವುದು ನಿಮಗೆ ಗೊತ್ತೇ ಇದೆ. ಇಂಥ ದಿನಗಳಲ್ಲಿ ಯಂತ್ರದಿಂದ ಉಪಯೋಗ ಆಗಬಹುದು. ಇದೇ ಊರುಗಳಲ್ಲಿ ಮಳೆಗಾಲದಲ್ಲಿ ಅದು ಬೇಕಾಗುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆ ವರ್ಷದ ಹೆಚ್ಚಿನ ಭಾಗ ಗಾಳಿಯೇ ಒದ್ದೆ. ಅಲ್ಲಿಯ ಮಗಳ ಮನೆಗೆ ಬಾಣಂತನಕ್ಕೆಂದು ಇಲ್ಲಿಂದ ಯಂತ್ರ ಕೊಂಡು ಕಳಿಸುವುದು ದುಡ್ಡು ದಂಡ. ಹವಾನಿಯಂತ್ರಣ ಇರುವ ಕೋಣೆಯ ಮಾತು ಬೇರೆ. ಏಸಿ ಗಾಳಿಯ ತೇವವನ್ನು ಹೀರಿ ಹೊರಗೆ ಹರಿಸುತ್ತದೆ. ಹೊರಗಿನ ಕೊಳವೆಯಿಂದ ತೊಟ್ಟಿಕ್ಕುವ ನೀರು ಅದೇ.

ಊಹೆ ಬೇಡ, ಅಳೆದು ನೋಡಿ. ಹೈಗ್ರೋಮೀಟರ್ ಎಂಬ ಅಂಗೈ ಅಗಲದ ತೇವಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರೋಗಿ ಮಲಗುವ ಕೋಣೆಯಲ್ಲಿ ಒಂದು ವಾರ ಇಟ್ಟು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂಕಿ ಬರೆದಿಡಿ. ಮತ್ತೆ ಮತ್ತೆ 30ಕ್ಕಿಂತ ಕಡಿಮೆ ತೋರಿಸಿದರೆ, ರೋಗಿಗೆ ಒಣ ಗಾಳಿಯ ತೊಂದರೆಯೂ ಇದ್ದರೆ, ಆಗ ಯಂತ್ರದ ಯೋಚನೆ ಮಾಡಿ. ಮಾಪಕ ಸರಿ ಇದೆಯೋ ಇಲ್ಲವೋ ಎಂದು ನೋಡಲು ಒಂದು ಸುಲಭ ದಾರಿ ಇದೆ. ಬಾಟಲಿಯ ಮುಚ್ಚಳದಲ್ಲಿ ಅಡಿಗೆ ಉಪ್ಪು ಹಾಕಿ ಕೆಸರಿನಂತಾಗುವಷ್ಟು ಮಾತ್ರ ನೀರು ಬೆರೆಸಿ. ಅದನ್ನೂ ಮಾಪಕವನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅಂಕಿ 75ರ ಹತ್ತಿರ ಇದ್ದರೆ ಮಾಪಕ ಸರಿ ಇದೆ.

ಈ ಕೆಳಗಿನ ಮನೆಗಳಲ್ಲಿ ವೈದ್ಯರನ್ನು ಕೇಳದೆ ಯಂತ್ರ ಹಚ್ಚಬೇಡಿ:

• ಆಸ್ತಮಾ, ಧೂಳಿನ ಅಥವಾ ಬೂಷ್ಟಿನ ಅಲರ್ಜಿ ಇರುವವರು ಇದ್ದರೆ.
• ಗೋಡೆ ಈಗಾಗಲೇ ಒದ್ದೆಯಾಗಿ ಬೂಷ್ಟು ಬಂದಿದ್ದರೆ.
• ಕ್ಷಯ ರೋಗದ ಚಿಕಿತ್ಸೆಯಲ್ಲಿ ಇರುವವರಿದ್ದರೆ. ಅವರ ಕೋಣೆಗೆ ಬೇಕಾದದ್ದು ತೆರೆದ ಕಿಟಕಿ. ಯಂತ್ರದ ತೇವ ಉಳಿಯಲಿ ಎಂದು ಕಿಟಕಿ ಮುಚ್ಚಿದರೆ ಮನೆಯ ಉಳಿದವರಿಗೆ ಅಪಾಯ.

ಸೌದೆ ಒಲೆಯ ಹೊಗೆ, ಬೀಡಿ, ಸಿಗರೇಟು, ಸೊಳ್ಳೆ ಬತ್ತಿಯಿಂದ ಬಂದ ಕೆಮ್ಮನ್ನು ಯಾವ ಹ್ಯೂಮಿಡಿಫೈಯರೂ ಕಳೆಯಲಾರದು. ಅಂಥ ಮನೆಯಲ್ಲಿ ಮೊದಲು ಹೊಗೆ ನಿಲ್ಲಬೇಕು.

ಯಂತ್ರದ ಬಗೆಗಳು

ಅಂಗಡಿಯಲ್ಲಿ ಹೆಸರು ಹತ್ತಾರು ಇದ್ದರೂ ಕೆಲಸ ಮಾಡುವ ರೀತಿ ನೋಡಿದರೆ ಮುಖ್ಯವಾಗಿ ಮೂರು ಬಗೆ.

ಅಲ್ಟ್ರಾಸಾನಿಕ್ ಬಗೆ: ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ಒಳಗಿನ ಸಣ್ಣ ಬಿಲ್ಲೆಯೊಂದು ಕಿವಿಗೆ ಕೇಳದಷ್ಟು ವೇಗವಾಗಿ ಕಂಪಿಸಿ ನೀರನ್ನು ತಣ್ಣನೆಯ ಮಂಜಾಗಿ ಒಡೆಯುತ್ತದೆ. ಸದ್ದು ಬಹಳ ಕಡಿಮೆ, ಕರೆಂಟು ಕಡಿಮೆ, ಸುಡುವ ಭಯವಿಲ್ಲ. ದೋಷವೇನೆಂದರೆ, ಇದು ನೀರನ್ನು ಕಾಯಿಸುವುದಿಲ್ಲ, ಸೋಸುವುದೂ ಇಲ್ಲ. ತೊಟ್ಟಿಯ ನೀರಿನಲ್ಲಿ ಏನೇನಿದೆಯೋ, ಉಪ್ಪಾಗಲಿ ಕ್ರಿಮಿಯಾಗಲಿ, ಎಲ್ಲವನ್ನೂ ಹನಿಯ ಜೊತೆಗೆ ಗಾಳಿಗೆ ಬಿಡುತ್ತದೆ. ಬೋರ್‌ವೆಲ್ ನೀರು ಹಾಕಿದ ಮನೆಗಳಲ್ಲಿ ಟಿ.ವಿ., ಕಪಾಟಿನ ಮೇಲೆ ಬಿಳಿ ಪುಡಿ ಕೂರುವುದು ಇದರಿಂದಲೇ. ಆ ಪುಡಿ ರೋಗಿಯ ಎದೆಯೊಳಗೂ ಹೋಗುತ್ತದೆ.

ಆವಿಯಾಗಿಸುವ ಬಗೆ: ಒದ್ದೆ ಬತ್ತಿ ಅಥವಾ ಪ್ಯಾಡಿನ ಮೂಲಕ ಫ್ಯಾನು ಗಾಳಿ ತಳ್ಳುತ್ತದೆ. ನೀರು ತಾನಾಗಿ ಆವಿಯಾಗುವುದರಿಂದ ಉಪ್ಪು ಪ್ಯಾಡಿನಲ್ಲೇ ಉಳಿಯುತ್ತದೆ, ಬಿಳಿ ಪುಡಿಯ ತೊಂದರೆ ಇಲ್ಲ. ಕೋಣೆಯಲ್ಲಿ ತೇವ ಹೆಚ್ಚಾದಂತೆ ಆವಿಯಾಗುವುದು ತಾನೇ ನಿಧಾನವಾಗುತ್ತದೆ. ಆದರೆ ಫ್ಯಾನಿನ ಸದ್ದು ಇರುತ್ತದೆ, ಪ್ಯಾಡನ್ನು ಆಗಾಗ ಬದಲಿಸಬೇಕು. ಬದಲಿ ಪ್ಯಾಡು ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂದು ಕೇಳಿಯೇ ಕೊಳ್ಳಿ.

ನಮ್ಮ ಕಡೆ ಬೇಸಿಗೆಯಲ್ಲಿ ಹಚ್ಚುವ ಏರ್ ಕೂಲರ್ ಕೆಲಸ ಮಾಡುವುದೂ ಇದೇ ರೀತಿಯಲ್ಲಿ. ಕೂಲರ್ ಇರುವ ಮನೆಗೆ ಬೇಸಿಗೆಯಲ್ಲಿ ಬೇರೆ ಹ್ಯೂಮಿಡಿಫೈಯರ್ ಬೇಕಾಗುವುದಿಲ್ಲ. ಅದರ ತೊಟ್ಟಿಯನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಬರಿದು ಮಾಡಿ, ಉಜ್ಜಿ, ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ.

ಬಿಸಿ ಹಬೆಯ ಬಗೆ: ನೀರನ್ನು ಕುದಿಸಿ ಹಬೆ ಬಿಡುತ್ತದೆ. ಕುದಿಯುವುದರಿಂದ ಕ್ರಿಮಿ ಸಾಯುತ್ತವೆ, ಉಪ್ಪು ತಳದಲ್ಲೇ ಉಳಿಯುತ್ತದೆ. ಆದರೆ ಕರೆಂಟು ಹೆಚ್ಚು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗು ವೈರು ಎಳೆದರೆ ಕುದಿಯುವ ನೀರು ಮೈಮೇಲೆ ಬೀಳುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ತಣ್ಣನೆಯ ಮಂಜಿನ ಯಂತ್ರವನ್ನೇ ಆರಿಸಬೇಕೆಂದು ಮಕ್ಕಳ ತಜ್ಞರು ಹೇಳುವುದು ಇದಕ್ಕಾಗಿ.

ಕರೆಂಟಿನ ಲೆಕ್ಕ ಹೀಗೆ: 30 ವ್ಯಾಟಿನ ಅಲ್ಟ್ರಾಸಾನಿಕ್ ಯಂತ್ರ ರಾತ್ರಿ 10 ತಾಸು ನಡೆದರೆ ಯೂನಿಟ್ಟಿನ ಮೂರನೇ ಒಂದು ಭಾಗಕ್ಕೂ ಕಡಿಮೆ. 300 ವ್ಯಾಟಿನ ಹಬೆ ಯಂತ್ರ ಅಷ್ಟೇ ಹೊತ್ತು ನಡೆದರೆ 3 ಯೂನಿಟ್.

ಅಂಗಡಿಯಲ್ಲಿ ನೋಡಬೇಕಾದ ಎಂಟು ಅಂಶಗಳು

1. ಕೈ ಒಳಗೆ ಹೋಗುತ್ತದೆಯೇ? ತೊಟ್ಟಿಯ ಮುಚ್ಚಳ ತೆಗೆಸಿ, ನಿಮ್ಮ ಕೈಯನ್ನೇ ಒಳಗೆ ಹಾಕಿ ನೋಡಿ. ಮೂಲೆಮೂಲೆಗೂ ಬೆರಳು ಮುಟ್ಟಬೇಕು. ಬಾಯಿ ಕಿರಿದಾದ, ಬಳುಕಿನ ಕುತ್ತಿಗೆಯ ಅಂದದ ಯಂತ್ರಗಳು ಬೇಡ. ತೊಳೆಯಲು ಆಗದ ಮೂಲೆಯಲ್ಲೇ ಲೋಳೆ ಕಟ್ಟುವುದು.

2. ಭಾಗಗಳು ಬಿಚ್ಚುತ್ತವೆಯೇ? ಬಿಚ್ಚುವುದು, ಜೋಡಿಸುವುದು ಮನೆಯ ಹಿರಿಯರಿಗೂ ಬರುವಷ್ಟು ಸುಲಭ ಇರಬೇಕು. ಅಂಗಡಿಯವರು ಮಾಡಿ ತೋರಿಸಿದರೆ ಸಾಲದು, ನೀವೇ ಒಮ್ಮೆ ಮಾಡಿ ನೋಡಿ.

3. ಗಂಟೆಗೆ ಎಷ್ಟು ನೀರು? ಹತ್ತು ಹನ್ನೆರಡು ಅಡಿಯ, ಹತ್ತು ಅಡಿ ಎತ್ತರದ ಒಂದು ಕೋಣೆಯ ತೇವವನ್ನು ಶೇಕಡಾ 25ರಿಂದ 45ಕ್ಕೆ ಏರಿಸಲು ಬೇಕಾಗುವುದು ಸುಮಾರು 150 ಮಿಲೀ ನೀರು, ಅಂದರೆ ಒಂದು ಸಣ್ಣ ಲೋಟ. ಬಾಗಿಲು ಕಿಟಕಿ ಸಂದಿಯಿಂದ ತೇವ ಹೊರಹೋಗುತ್ತಲೇ ಇರುವುದರಿಂದ ಗಂಟೆಗೆ 200ರಿಂದ 300 ಮಿಲೀ ಬಿಡುವ ಯಂತ್ರ ಒಂದು ಕೋಣೆಗೆ ಸಾಕು. ಅದಕ್ಕಿಂತ ದೊಡ್ಡದು ಹಾಸಿಗೆ ಒದ್ದೆ ಮಾಡುತ್ತದೆ.

4. ತೊಟ್ಟಿ ಎಷ್ಟು ದೊಡ್ಡದು? ಗಂಟೆಗೆ 250 ಮಿಲೀ ಬಿಡುವ ಯಂತ್ರಕ್ಕೆ 3 ಲೀಟರ್ ತೊಟ್ಟಿ ಇದ್ದರೆ 12 ತಾಸು ಬರುತ್ತದೆ, ಒಂದು ರಾತ್ರಿಗೆ ಸಾಕು. ಬಹಳ ದೊಡ್ಡ ತೊಟ್ಟಿ ಕೊಂಡರೆ ನೀರು ಎರಡು ಮೂರು ದಿನ ಅದರಲ್ಲೇ ನಿಲ್ಲುತ್ತದೆ.

5. ನೀರು ಮುಗಿದಾಗ ತಾನೇ ಆರುತ್ತದೆಯೇ? ಇದು ಇರಲೇಬೇಕು.

6. ಮಂಜನ್ನು ಕಡಿಮೆ ಹೆಚ್ಚು ಮಾಡುವ ಗುಂಡಿ ಇದೆಯೇ? ನಿಗದಿಪಡಿಸಿದ ತೇವಕ್ಕೆ ಬಂದಾಗ ತಾನೇ ನಿಲ್ಲುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು.

7. ಐ.ಎಸ್.ಐ. ಗುರುತಿನ ಪ್ಲಗ್ಗು, ಗಟ್ಟಿ ವೈರು, ಬಿಲ್ಲು ಮತ್ತು ಗ್ಯಾರಂಟಿ ಕಾರ್ಡು ಇವೆಯೇ? ನೀರು ಮತ್ತು ಕರೆಂಟು ಒಂದೇ ಡಬ್ಬಿಯಲ್ಲಿ ಇರುವ ವಸ್ತುವಿದು.

8. ಬಣ್ಣದ ದೀಪ, ಸಂಗೀತ, ಸುವಾಸನೆಯ ಬಟ್ಟಲು ಇವಕ್ಕೆ ದುಡ್ಡು ಕೊಡಬೇಡಿ. “ರೋಗಾಣು ನಾಶಕ” ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ತೊಳೆಯುವುದನ್ನು ಬಿಡಬೇಡಿ.

ಯಾವ ನೀರು ಹಾಕಬೇಕು?

ನಮ್ಮ ಭಾಗದ ಬೋರ್‌ವೆಲ್ ನೀರು ಬಹುಪಾಲು ಗಡಸು. ಕೊಡದ ಒಳಗೆ, ಗೀಸರಿನ ಕಾಯಿಲ್‌ಗೆ ಬಿಳಿ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ಅದನ್ನು ಕುದಿಸಿದರೆ ಕ್ರಿಮಿ ಸಾಯುತ್ತವೆ, ಕರಗಿದ ಉಪ್ಪೆಲ್ಲ ಹೋಗುವುದಿಲ್ಲ. ಆದ್ದರಿಂದ ಅಲ್ಟ್ರಾಸಾನಿಕ್ ಯಂತ್ರಕ್ಕೆ ಡಿಸ್ಟಿಲ್ಡ್ ವಾಟರ್ ಎಲ್ಲಕ್ಕಿಂತ ಉತ್ತಮ. ಅದು ದುಬಾರಿಯಾದರೆ ಆರ್.ಓ. ಯಂತ್ರದ ನೀರು, ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಬಹುದು. ಅದರಲ್ಲಿ ಉಪ್ಪು ಕಡಿಮೆ ಇರುತ್ತದೆ. ಆದರೆ ಆ ನೀರು ಕ್ಯಾನಿನಲ್ಲಿ ಹಲವು ದಿನ ನಿಂತಿದ್ದರೆ ಅದರಲ್ಲೂ ಕ್ರಿಮಿ ಬೆಳೆಯುತ್ತವೆ. ಅದೇ ದಿನ ತಂದದ್ದನ್ನು, ಕುದಿಸಿ ಆರಿಸಿ ಹಾಕಿದರೆ ಒಳ್ಳೆಯದು.

ತೊಟ್ಟಿಗೆ ನೀರನ್ನು ಬಿಟ್ಟು ಬೇರೇನೂ ಬೇಡ. ನೀಲಗಿರಿ ಎಣ್ಣೆ, ಕರ್ಪೂರ, ಶೀತಕ್ಕೆ ಹಚ್ಚುವ ಮುಲಾಮು, ಅತ್ತರು, ಡೆಟ್ಟಾಲ್ ಯಾವುದನ್ನೂ ಹಾಕಬೇಡಿ. ಇವುಗಳ ಹನಿ ಎದೆಯೊಳಗೆ ಇಳಿದರೆ ಕೆಮ್ಮು, ಉಬ್ಬಸ ಕೆರಳುತ್ತದೆ. ಚಿಕ್ಕ ಮಕ್ಕಳಿಗೆ ಕರ್ಪೂರ ವಿಷವೂ ಆಗಬಲ್ಲದು.

ತೊಳೆಯದ ತೊಟ್ಟಿ: ನನ್ನ ಮನೆಯ ಪಾಠ

ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನ್ನ ಮಗಳಿಗೆ ಎರಡು ವರ್ಷವಿದ್ದಾಗ ಚಳಿಗಾಲದಲ್ಲಿ ಮೂಗು ಕಟ್ಟುತ್ತಿತ್ತೆಂದು ನಾನೂ ಒಂದು ಯಂತ್ರ ತಂದೆ. ನೋಡಲು ಚೆಂದದ, ಬಾಯಿ ಕಿರಿದಾದ ಯಂತ್ರ. ಮೊದಲ ವಾರ ದಿನಾಲೂ ತೊಳೆದೆ. ಆಮೇಲೆ ಪಾಳಿಯ ಕೆಲಸ, ಮನೆಗೆಲಸದ ನಡುವೆ ಮೇಲಿಂದ ಮೇಲೆ ನೀರು ತುಂಬುವುದಷ್ಟೇ ಆಯಿತು. ನಡುವೆ ಒಂದು ವಾರ ತವರಿಗೆ ಹೋಗಿ ಬಂದೆವು. ಬಂದ ರಾತ್ರಿ ಉಳಿದಿದ್ದ ನೀರಿಗೇ ಇನ್ನಷ್ಟು ಸುರಿದು ಸ್ವಿಚ್ಚು ಹಾಕಿದೆ. ಎರಡು ಮೂರು ರಾತ್ರಿ ಮಗು ಕೆಮ್ಮಿತು. ನಾನು ಯಂತ್ರದ ಮಂಜನ್ನು ಇನ್ನೂ ಹೆಚ್ಚಿಸಿದೆ. ಕೊನೆಗೆ ನನ್ನ ಅತ್ತೆಯವರು, “ಏನವಾ, ಇದು ಕೆರಿ ನೀರಿನ ವಾಸನಿ ಬರತೈತಲ್ಲ” ಎಂದರು. ಬಿಚ್ಚಿ ನೋಡಿದರೆ ತಳದಲ್ಲಿ ಗುಲಾಬಿ ಬಣ್ಣದ ಲೋಳೆ. ಬೆರಳು ಹಾಕಿದರೆ ಜಾರುತ್ತಿತ್ತು.

ಮಗುವಿನ ಕೆಮ್ಮಿಗೆ ಅದೇ ಕಾರಣ ಎಂದು ಖಂಡಿತವಾಗಿ ಹೇಳಲಾರೆ. ಯಂತ್ರ ನಿಲ್ಲಿಸಿದ ಮೇಲೆ ಕೆಮ್ಮು ಇಳಿಯಿತು ಎಂಬುದಷ್ಟು ನಿಜ. ವಿದ್ಯಾರ್ಥಿನಿಯರಿಗೆ ಕೈ ತೊಳೆಯುವ ಕ್ರಮವನ್ನು ವರ್ಷವಿಡೀ ಕಲಿಸುವ ನಾನು ನನ್ನ ಮಗುವಿನ ತಲೆಯ ಪಕ್ಕದಲ್ಲೇ ಕೊಳಕು ನೀರನ್ನು ಹನಿ ಮಾಡಿ ಬಿಡುತ್ತಿದ್ದೆ. ಅಸಡ್ಡೆಯಿಂದ ಅಲ್ಲ, ದಿನಾಲೂ ತೊಳೆಯಲು ನನ್ನಿಂದ ಆಗುತ್ತದೆಯೇ ಎಂದು ಕೊಳ್ಳುವ ಮುನ್ನ ಕೇಳಿಕೊಳ್ಳದಿದ್ದರಿಂದ. ಕೊಳಕು ಹ್ಯೂಮಿಡಿಫೈಯರಿನ ಹನಿಯಿಂದ ಜ್ವರ, ಕೆಮ್ಮು, ಶ್ವಾಸಕೋಶದ ಬಾವು ಬರುವುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ.

ತೊಳೆಯುವ ಕ್ರಮ

ದಿನಾಲೂ: ಮೊದಲು ಪ್ಲಗ್ಗು ತೆಗೆಯಿರಿ. ಉಳಿದ ನೀರನ್ನು ಪೂರ್ತಿ ಚೆಲ್ಲಿ. ತೊಟ್ಟಿಯನ್ನು ಸ್ವಚ್ಛ ನೀರಿನಿಂದ ಗಲಬರಿಸಿ, ಶುಭ್ರ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ರಾತ್ರಿ ಹೊಸ ನೀರು ತುಂಬಿ. ಹಳೆಯ ನೀರಿನ ಮೇಲೆ ಹೊಸ ನೀರು ಎಂದೂ ಸುರಿಯಬೇಡಿ.

ಮೂರು ದಿನಕ್ಕೊಮ್ಮೆ: ಬಿಳಿ ವಿನೆಗರ್ ಅಥವಾ ನಿಂಬೆ ಉಪ್ಪು ಕರಗಿಸಿದ ನೀರನ್ನು ತೊಟ್ಟಿಯಲ್ಲಿ ಅರ್ಧ ತಾಸು ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಪದರ ಉಜ್ಜಿ. ಕಂಪಿಸುವ ಬಿಲ್ಲೆಯನ್ನು ಚಾಕುವಿನಿಂದ ಕೆರೆಯಬೇಡಿ. ವಾಸನೆ ಹೋಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ. ಯಂತ್ರದ ಪುಸ್ತಕದಲ್ಲಿ ಬ್ಲೀಚ್ ಬಳಸಲು ಹೇಳಿದ್ದರೆ ಹೇಳಿದ ಪ್ರಮಾಣದಲ್ಲೇ ಬಳಸಿ, ಚೆನ್ನಾಗಿ ತೊಳೆದುಬಿಡಿ. ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಎಂದೂ ಕೂಡಿಸಬೇಡಿ, ವಿಷಗಾಳಿ ಹುಟ್ಟುತ್ತದೆ.

ಹಂಗಾಮು ಮುಗಿದಾಗ: ಪೂರ್ತಿ ತೊಳೆದು, ನೆರಳಲ್ಲಿ ಒಣಗಿಸಿ, ಮುಚ್ಚಳ ತೆರೆದೇ ಇಡಿ. ಮತ್ತೆ ಹೊರತೆಗೆದಾಗ ಮೊದಲು ತೊಳೆದು ಆಮೇಲೆ ಹಚ್ಚಿ.

ತೊಳೆಯುವ ಬೇಸರ ತಪ್ಪಿಸಲು ನೀರಿಗೆ ಔಷಧ ಬೆರೆಸುವ ಉಪಾಯ ದಕ್ಷಿಣ ಕೊರಿಯಾ ದೇಶದಲ್ಲಿ ನಡೆದುಹೋಗಿದೆ. ಹ್ಯೂಮಿಡಿಫೈಯರಿನ ನೀರಿಗೆ ಹಾಕುವ ಕ್ರಿಮಿನಾಶಕ ದ್ರವಗಳನ್ನು ಅಲ್ಲಿ 1994ರಿಂದ ಮಾರುತ್ತಿದ್ದರು. ಮಕ್ಕಳಿಗೆ ಒಳ್ಳೆಯದೆಂದು ತಾಯಂದಿರು ಕೊಂಡು ಹಾಕಿದರು. 2011ರಲ್ಲಿ ಬಸುರಿಯರು, ಬಾಣಂತಿಯರು ಕಾರಣ ತಿಳಿಯದ ತೀವ್ರ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರತೊಡಗಿದಾಗ ತನಿಖೆ ನಡೆದು, ಆ ದ್ರವಗಳೇ ಕಾರಣವೆಂದು ಗೊತ್ತಾಯಿತು. ಅದೇ ವರ್ಷ ಅವನ್ನು ಮಾರುಕಟ್ಟೆಯಿಂದ ತೆಗೆಸಿದರು. ಅಷ್ಟರಲ್ಲಿ ಸಾವಿರಾರು ಜನರ ಶ್ವಾಸಕೋಶ ಹಾಳಾಗಿತ್ತು. ಸಾವಿರಕ್ಕೂ ಹೆಚ್ಚು ಸಾವುಗಳು ಅಲ್ಲಿಯ ಸರ್ಕಾರಕ್ಕೆ ವರದಿಯಾದವು. ಕೈಗೆ ತಾಗಿದರೆ ಏನೂ ಮಾಡದ ವಸ್ತು ಉಸಿರಿನೊಳಗೆ ಹೋದಾಗ ಪ್ರಾಣ ತೆಗೆಯಬಲ್ಲದು. ಯಂತ್ರವನ್ನು ಔಷಧದಿಂದ ತೊಳೆಯಬಹುದು, ಆದರೆ ಔಷಧವನ್ನು ಯಂತ್ರದಲ್ಲಿ ಬಿಟ್ಟು ಹಚ್ಚಬಾರದು.

ಎಲ್ಲಿ ಇಡಬೇಕು?

• ಹಾಸಿಗೆಯಿಂದ ನಾಲ್ಕೈದು ಅಡಿ ದೂರ, ಎರಡು ಮೂರು ಅಡಿ ಎತ್ತರದ ಗಟ್ಟಿ ಸ್ಟೂಲಿನ ಮೇಲೆ ಇಡಿ. ಮಂಜು ರೋಗಿಯ ಮುಖಕ್ಕೆ, ಗೋಡೆಗೆ, ಸ್ವಿಚ್ ಬೋರ್ಡಿಗೆ ನೇರವಾಗಿ ಬಡಿಯಬಾರದು.
• ವೈರು ಮಗುವಿನ ಕೈಗೆ ಸಿಗಬಾರದು.
• ಕಿಟಕಿಯ ಗಾಜಿನ ಮೇಲೆ ನೀರಿನ ಹನಿ ಕಂಡರೆ, ಹೊದಿಕೆ ತಣ್ಣಗೆ ಒದ್ದೆ ಅನ್ನಿಸಿದರೆ ತೇವ ಹೆಚ್ಚಾಯಿತೆಂದು ತಿಳಿದು ಯಂತ್ರ ನಿಲ್ಲಿಸಿ.
• ಬೆಳಿಗ್ಗೆ ಎದ್ದ ಮೇಲೆ ಕಿಟಕಿ ತೆರೆದು ಕೋಣೆಗೆ ಬಿಸಿಲು, ಗಾಳಿ ಬಿಡಿ.

ಮನೆಯಲ್ಲಿ ಆಮ್ಲಜನಕ ಇರುವವರಿಗೆ

ಆಮ್ಲಜನಕದ ಬಾಟಲಿಯ ನೀರು ರೋಗಿಯ ಉಸಿರಿನ ಕೊಳವೆಗೇ ಸೇರಿದ್ದು. ಇಲ್ಲಿ ನಲ್ಲಿ ನೀರು, ಬೋರ್ ನೀರು, ವಾಹನದ ಬ್ಯಾಟರಿಗೆ ಹಾಕುವ ನೀರು ಯಾವುದೂ ನಡೆಯದು. ಔಷಧಿ ಅಂಗಡಿಯಲ್ಲಿ ಸಿಗುವ ಸ್ಟೆರೈಲ್ ಅಥವಾ ಡಿಸ್ಟಿಲ್ಡ್ ನೀರು ಹಾಕಿ. ಸಿಗದಿದ್ದರೆ ಐದು ನಿಮಿಷ ಚೆನ್ನಾಗಿ ಕುದಿಸಿ ಮುಚ್ಚಿ ಆರಿಸಿದ ನೀರು. ಮೇಲಿನ ಗೆರೆ ಮತ್ತು ಕೆಳಗಿನ ಗೆರೆಯ ನಡುವೆ ನೀರು ಇರಲಿ. ದಿನಾಲೂ ಪೂರ್ತಿ ಚೆಲ್ಲಿ, ತೊಳೆದು, ಹೊಸದು ತುಂಬಿ. 2021ರಲ್ಲಿ ಕೊರೊನಾ ಎರಡನೇ ಅಲೆಯ ಜೊತೆಗೆ ಕಪ್ಪು ಶಿಲೀಂಧ್ರ ರೋಗ ಹೆಚ್ಚಿದಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೊಟ್ಟ ಎಚ್ಚರಿಕೆಗಳಲ್ಲಿ ಈ ಬಾಟಲಿಗೆ ಶುದ್ಧ, ಕ್ರಿಮಿರಹಿತ ನೀರನ್ನೇ ಬಳಸಬೇಕೆಂಬುದೂ ಒಂದಾಗಿತ್ತು.

ಮೂಗಿನ ಕೊಳವೆಯಿಂದ ನಿಮಿಷಕ್ಕೆ 4 ಲೀಟರ್‌ವರೆಗೆ ಮಾತ್ರ ಆಮ್ಲಜನಕ ತೆಗೆದುಕೊಳ್ಳುವ ದೊಡ್ಡವರಿಗೆ ಅನೇಕ ವೇಳೆ ಈ ನೀರಿನ ಬಾಟಲಿಯೇ ಬೇಕಾಗುವುದಿಲ್ಲ. ನಿಮಗೆ ಬೇಕೋ ಬೇಡವೋ ಎಂದು ವೈದ್ಯರನ್ನು ಕೇಳಿ. ನೀವಾಗಿಯೇ ತೆಗೆಯಬೇಡಿ. ಕುತ್ತಿಗೆಯಲ್ಲಿ ಟ್ರಾಕಿಯಾಸ್ಟಮಿ ನಳಿಗೆ ಇರುವವರ ಉಸಿರು ಮೂಗನ್ನು ಮುಟ್ಟದೆ ನೇರ ಒಳಗೆ ಹೋಗುತ್ತದೆ. ಅವರಿಗೆ ತೇವ ಬಹಳ ಮುಖ್ಯ, ಲೋಳೆ ಒಣಗಿ ನಳಿಗೆ ಕಟ್ಟಿದರೆ ಪ್ರಾಣಕ್ಕೇ ಅಪಾಯ. ಕೋಣೆಯ ಯಂತ್ರವೊಂದನ್ನೇ ನಂಬಿ ಕೂರದೆ, ಬಿಡುಗಡೆಯ ಮುನ್ನ ವಾರ್ಡಿನಲ್ಲಿ ಕಲಿಸಿಕೊಟ್ಟಂತೆ ನಡೆಯಿರಿ.

ಯಂತ್ರವಿಲ್ಲದೆ ಏನು ಮಾಡಬಹುದು?

ಬಹಳಷ್ಟು ಮನೆಗಳಿಗೆ ಇಷ್ಟೇ ಸಾಕು. ರಾತ್ರಿ ಒಗೆದ ಬಟ್ಟೆಯನ್ನು ಕೋಣೆಯೊಳಗೆ ಹಗ್ಗಕ್ಕೆ ಹರವಿ. ಶುಭ್ರವಾದ ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಹಾಕಿ, ದಿನಾಲೂ ಒಗೆಯಿರಿ. ಫ್ಯಾನನ್ನು ಮುಖದ ಮೇಲೆ ನೇರ ಬಿಟ್ಟುಕೊಳ್ಳಬೇಡಿ. ನೀರು, ಮಜ್ಜಿಗೆ, ಗಂಜಿ ಸಾಕಷ್ಟು ಕುಡಿಯಿರಿ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹೇಳಿದ್ದರೆ ಆ ಮಿತಿಯೊಳಗೆ. ಮೂಗು ಒಣಗಿದರೆ ಔಷಧಿ ಅಂಗಡಿಯ ಸಲೈನ್ ಹನಿ ಹಾಕಿ. ಇದು ಅಗ್ಗ, ಕೂಸಿನಿಂದ ಮುದುಕರವರೆಗೆ ಎಲ್ಲರಿಗೂ ನಡೆಯುತ್ತದೆ.

ಮಕ್ಕಳಿಗೆ ಬೋಗುಣಿಯಲ್ಲಿ ಕುದಿಯುವ ನೀರಿಟ್ಟು ಕಂಬಳಿ ಹೊದಿಸಿ ಹಬೆ ಕೊಡುವುದನ್ನು ದಯವಿಟ್ಟು ಬಿಡಿ. ಶೀತ ಅದರಿಂದ ಬೇಗ ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಬೋಗುಣಿ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳು ಮಾತ್ರ ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ಸುಟ್ಟರೆ ಕೂಡಲೇ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟು, ಶಾಯಿ, ಅರಿಶಿನ ಹಚ್ಚದೆ ಆಸ್ಪತ್ರೆಗೆ ತನ್ನಿ.

ಯಾವಾಗ ತಡಮಾಡದೆ ವೈದ್ಯರನ್ನು ಕಾಣಬೇಕು?

• ಉಸಿರಾಟ ವೇಗವಾಗಿದ್ದರೆ, ಮಗುವಿನ ಪಕ್ಕೆ ಒಳಕ್ಕೆ ಸೇದುತ್ತಿದ್ದರೆ, ತುಟಿ ಅಥವಾ ಉಗುರು ನೀಲಿಯಾದರೆ.
• ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಬಿಗಿ ಹಿಡಿದು, ತಲೆ ಮುಂದಕ್ಕೆ ಬಾಗಿಸಿ ಕೂರಿಸಿದರೂ ರಕ್ತ ನಿಲ್ಲದಿದ್ದರೆ.
• ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಸಂಜೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ.
• ಯಂತ್ರ ಹಚ್ಚಿದ ಮೇಲೆ ಕೆಮ್ಮು, ಉಬ್ಬಸ, ಜ್ವರ ಶುರುವಾದರೆ ಅಥವಾ ಹೆಚ್ಚಾದರೆ. ಆಗ ಮೊದಲು ಯಂತ್ರ ನಿಲ್ಲಿಸಿ.

ಕೊನೆಗೊಂದು ಮಾತು. ಕೊಳ್ಳುವ ಮುನ್ನ ಮನೆಯವರೆಲ್ಲ ಕುಳಿತು, “ಇದನ್ನು ದಿನಾಲೂ ಬೆಳಿಗ್ಗೆ ಯಾರು ತೊಳೆಯುವುದು?” ಎಂದು ಕೇಳಿಕೊಳ್ಳಿ. ಒಬ್ಬರ ಹೆಸರು ಗಟ್ಟಿಯಾದರೆ ಧೈರ್ಯವಾಗಿ ಕೊಳ್ಳಿ. ಯಾರ ಹೆಸರೂ ಬರದಿದ್ದರೆ ಆ ದುಡ್ಡಿನಲ್ಲಿ ರೋಗಿಗೆ ಹಣ್ಣು ಹಾಲು ತನ್ನಿ, ಕೋಣೆಯಲ್ಲೊಂದು ಒದ್ದೆ ಟವೆಲ್ ಹರವಿ. ಅನುಮಾನವಿದ್ದರೆ ಮುಂದಿನ ಭೇಟಿಗೆ ಬರುವಾಗ ತೇವಮಾಪಕದ ಅಂಕಿ ಬರೆದ ಚೀಟಿಯನ್ನು ಜೊತೆಗೆ ತನ್ನಿ. ಕೂತು ನೋಡೋಣ.